ಬೆಳಕು, ಸದ್ದು, ಕ್ಯಾಮೆರಾ: ಮೂವರ ಜಗಳದ ಚರಿತ್ರೆ

ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ತಯಾರಾದದ್ದು ಮುಂಬಯಿಯಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ. ಕಥೆಯಲ್ಲಿ ರಾತ್ರಿಯ ದೃಶ್ಯಗಳು ಹೆಚ್ಚಿದ್ದವೆಂದು ಹೀಗೆ ಮಾಡಿದ್ದಲ್ಲ. ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಸ್ಟುಡಿಯೊದ ಪಕ್ಕದಲ್ಲೇ ರೈಲುಹಳಿ ಇತ್ತು. ಹಗಲಿಡೀ ರೈಲುಗಳ ಓಡಾಟ. ಮೂಕಿ ಚಿತ್ರಗಳ ಕಾಲದಲ್ಲಿ ಅದರಿಂದ ಯಾವ ತೊಂದರೆಯೂ ಇರಲಿಲ್ಲ, ಕ್ಯಾಮೆರಾಕ್ಕೆ ಕಿವಿಯಿಲ್ಲವಲ್ಲ! ಮೈಕು ಬಂದ ದಿನದಿಂದ ಮಾತ್ರ ಎಂಜಿನ್ನಿನ ಸಿಳ್ಳು, ಗಾಲಿಗಳ ಗಡಗಡ ಎಲ್ಲವೂ ನಟನ ಮಾತಿನ ಜೊತೆಯಲ್ಲೇ ಫಿಲ್ಮಿಗೆ ಇಳಿಯತೊಡಗಿದವು. ರಾತ್ರಿ 1 ಗಂಟೆಯಿಂದ 4 ಗಂಟೆಯವರೆಗೆ ರೈಲುಗಳು ನಿಲ್ಲುತ್ತಿದ್ದವು. ಆ ಮೂರು ಗಂಟೆಯೇ ಚಿತ್ರೀಕರಣದ ಸಮಯವಾಯಿತು. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಚಿತ್ರ ತೆರೆಕಂಡಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅದುವರೆಗೆ ನಮ್ಮ ಸ್ಟುಡಿಯೊಗಳಲ್ಲಿ ಕೆಲಸ ನಡೆಯುತ್ತಿದ್ದುದು ಬಹುಮಟ್ಟಿಗೆ ಹಗಲಿನಲ್ಲಿ, ಸೂರ್ಯನ ಬೆಳಕಿನಲ್ಲಿ. ಬೆಳಕು ಪುಕ್ಕಟೆ ಸಿಗುತ್ತಿತ್ತು. ಸದ್ದು ಬಂದು ಕ್ಯಾಮೆರಾವನ್ನು ನಡುರಾತ್ರಿಗೆ, ಮುಚ್ಚಿದ ಕಟ್ಟಡದೊಳಕ್ಕೆ ತಳ್ಳಿದ ಕೂಡಲೇ ಬೆಳಕಿನ ವ್ಯವಸ್ಥೆಯೂ ಬದಲಾಗಬೇಕಾಯಿತು. ದೀಪಗಳು ಬಂದವು, ದೀಪಗಳ ಜೊತೆ ಸೆಕೆ ಬಂತು, ಖರ್ಚು ಬಂತು.

ಚಲನಚಿತ್ರ ತಂತ್ರದ ಕೈಪಿಡಿಗಳನ್ನು ತೆರೆದರೆ ಕ್ಯಾಮೆರಾಕ್ಕೆ ಒಂದು ಅಧ್ಯಾಯ, ಧ್ವನಿಗೆ ಒಂದು, ಬೆಳಕಿಗೆ ಇನ್ನೊಂದು ಇರುತ್ತದೆ. ಹೊಸದಾಗಿ ಕಲಿಯುವವರು ಇವನ್ನು ಮೂರು ಬೇರೆ ಬೇರೆ ವಿದ್ಯೆಗಳೆಂದು ತಿಳಿಯುತ್ತಾರೆ. ಚರಿತ್ರೆ ಹೇಳುವುದೇ ಬೇರೆ. ಮೂರರಲ್ಲಿ ಒಂದನ್ನು ಎಳೆದಾಗಲೆಲ್ಲ ಉಳಿದೆರಡೂ ಅಲುಗಾಡಿವೆ. ಇಂದು ನಿಯಮವೆಂದು ಕಲಿಸುವ ಎಷ್ಟೋ ವಿಷಯಗಳು ಆ ಅಲುಗಾಟವನ್ನು ತಡೆಯಲು ಯಾರೋ ಕಂಡುಕೊಂಡ ಉಪಾಯಗಳು. ಆ ಉಪಾಯಗಳ ಹಿಂದಿರುವುದು ಪ್ರೌಢಶಾಲೆಯಲ್ಲಿ ಕಲಿಸುವ ಭೌತವಿಜ್ಞಾನವೇ.

ಸೂರ್ಯನ ಹಿಂದೆ ತಿರುಗಿದ ಮನೆ

ಮೊದಲು ಬೆಳಕಿನ ಕಥೆ. 1893ರಲ್ಲಿ ಎಡಿಸನ್ ಅಮೆರಿಕದ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ಚಲನಚಿತ್ರಕ್ಕೆಂದೇ ಒಂದು ಮನೆ ಕಟ್ಟಿಸಿದ. ಕಪ್ಪು ಕಾಗದ ಹೊದಿಸಿದ ಆ ಮನೆಗೆ 'ಬ್ಲ್ಯಾಕ್ ಮರಿಯಾ' ಎಂದು ಹೆಸರು ಬಿತ್ತು. ಅದರ ಮಾಡಿನ ಒಂದು ಭಾಗವನ್ನು ಮೇಲಕ್ಕೆತ್ತಬಹುದಿತ್ತು. ಇಡೀ ಮನೆ ಒಂದು ವರ್ತುಲ ಹಳಿಯ ಮೇಲೆ ಕೂತಿತ್ತು. ಸೂರ್ಯ ಸರಿದಂತೆ ಮನೆಯನ್ನು ತಳ್ಳಿ ತಿರುಗಿಸುವುದು! ವಿದ್ಯುದ್ದೀಪಕ್ಕೆ ಹೆಸರಾದ ಎಡಿಸನ್ನನೇ ತನ್ನ ದೀಪವನ್ನು ಬಿಟ್ಟು ಸೂರ್ಯನ ಹಿಂದೆ ಹೋದದ್ದೇಕೆ?

ಉತ್ತರ ಫಿಲ್ಮಿನಲ್ಲಿದೆ. ಆ ಕಾಲದ ಫಿಲ್ಮುಗಳಲ್ಲಿದ್ದ ಬೆಳ್ಳಿಯ ಲವಣಗಳು ನೇರಿಳೆ ಮತ್ತು ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತಿದ್ದವು. ಮುಂದೆ ಹಸಿರಿಗೂ ಸ್ಪಂದಿಸುವಂತೆ ಸುಧಾರಿಸಿದರು. ಕೆಂಪು ಮಾತ್ರ ಅವಕ್ಕೆ ಕಾಣಿಸುತ್ತಲೇ ಇರಲಿಲ್ಲ. ಕಾದ ತಂತುವಿನಿಂದ ಹೊಮ್ಮುವ ದೀಪದ ಬೆಳಕಿನಲ್ಲಿ ಹೆಚ್ಚಿರುವುದೇ ಕೆಂಪು, ಕಿತ್ತಳೆ. ಕಣ್ಣಿಗೆ ಪ್ರಕಾಶಮಾನವಾಗಿ ಕಂಡ ದೀಪ ಫಿಲ್ಮಿನ ಪಾಲಿಗೆ ಹೆಚ್ಚುಕಡಿಮೆ ಕತ್ತಲೆ. ಕೆಂಪು ತುಟಿ ಕಪ್ಪಾಗಿ ಬರುತ್ತಿತ್ತು. ನೀಲಿ ಆಕಾಶ ಬೆಳ್ಳಗಾಗಿ ಮೋಡಗಳೇ ಮಾಯವಾಗುತ್ತಿದ್ದವು. ಹಳೆಯ ಮೂಕಿ ಚಿತ್ರಗಳಲ್ಲಿ ನಟರ ಮುಖಕ್ಕೆ ಅಷ್ಟೊಂದು ಬಿಳಿ ಬಣ್ಣ ಬಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಸೂರ್ಯನನ್ನು ಬಿಟ್ಟರೆ ನೀಲಿ ಬೆಳಕು ಧಾರಾಳವಾಗಿ ಸಿಗುತ್ತಿದ್ದುದು ಎರಡು ಬಗೆಯ ದೀಪಗಳಿಂದ. ಒಂದು ಕಾರ್ಬನ್ ಆರ್ಕ್ ದೀಪ. ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಹಾಯಿಸಿ ಪಡೆಯುವ ಕಣ್ಣು ಕೋರೈಸುವ ಬೆಳಕು. ಇನ್ನೊಂದು ಪೀಟರ್ ಕೂಪರ್ ಹ್ಯೂಯಿಟ್ 1901ರಲ್ಲಿ ಪೇಟೆಂಟ್ ಪಡೆದ ಪಾದರಸದ ಆವಿ ದೀಪ. ನಮ್ಮ ಟ್ಯೂಬ್‌ಲೈಟಿನ ಅಜ್ಜ ಎನ್ನಬಹುದಾದ ಈ ದೀಪದ ಹಸಿರು-ನೀಲಿ ಬೆಳಕಿನಲ್ಲಿ ಮನುಷ್ಯರು ಹೆಣದಂತೆ ಕಾಣುತ್ತಿದ್ದರು. ಫಿಲ್ಮು ಕಪ್ಪು-ಬಿಳುಪಾದ್ದರಿಂದ ಅದು ತೆರೆಯ ಮೇಲೆ ಗೊತ್ತಾಗುತ್ತಿರಲಿಲ್ಲ.

ದಾದಾಸಾಹೇಬ್ ಫಾಲ್ಕೆಯವರಿಗೆ ಇಂಥ ದೀಪಗಳ ಹಂಗು ಬೇಕಿರಲಿಲ್ಲ. 1912ರಲ್ಲಿ ಇಂಗ್ಲೆಂಡಿನಿಂದ ವಿಲಿಯಮ್‌ಸನ್ ಕ್ಯಾಮೆರಾ ತಂದ ಅವರು ಮೊದಲು ತೆಗೆದದ್ದು ದೇವರ ಕಥೆಯನ್ನಲ್ಲ, ಕುಂಡದಲ್ಲಿ ನೆಟ್ಟ ಬಟಾಣಿ ಗಿಡವನ್ನು. ಬೀಜ ಮೊಳೆತು ಬಳ್ಳಿಯಾಗುವುದನ್ನು ಒಂದು ತಿಂಗಳಿಗೂ ಮೀರಿ ದಿನದಿನವೂ ಒಂದಿಷ್ಟು ಚೌಕಟ್ಟುಗಳಂತೆ ಸೆರೆಹಿಡಿದರು. ತೆರೆಯ ಮೇಲೆ ಆ ಗಿಡ ಕಣ್ಣೆದುರೇ ಬೆಳೆಯಿತು. ಹಣ ಹೂಡುವವರಿಗೆ ನಂಬಿಕೆ ಹುಟ್ಟಿದ್ದೇ ಈ ಚಿತ್ರದಿಂದ. 1913ರ ಮೇ 3ರಂದು ಬಿಡುಗಡೆಯಾದ 'ರಾಜಾ ಹರಿಶ್ಚಂದ್ರ'ಕ್ಕಿಂತ ಹಿಂದೆಯೇ ಫಾಲ್ಕೆ ಒಂದು ಸಸ್ಯವಿಜ್ಞಾನದ ಚಿತ್ರ ತೆಗೆದಿದ್ದರೆಂಬುದನ್ನು ನಮ್ಮ ಜೀವವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಅಗತ್ಯ ಹೇಳಬೇಕು. ಅದೇ ಪ್ರಯೋಗವನ್ನು ಇಂದು ಒಂದು ಮೊಬೈಲು, ಅಲುಗಾಡದ ಒಂದು ಸ್ಟ್ಯಾಂಡು ಇದ್ದರೆ ಯಾವ ಶಾಲೆಯೂ ಮಾಡಬಹುದು.

ಕ್ಯಾಮೆರಾ ಪೆಟ್ಟಿಗೆಯೊಳಗೆ ಸೇರಿದ್ದು

1927ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 'ದಿ ಜಾಜ್ ಸಿಂಗರ್' ಬಿಡುಗಡೆಯಾಯಿತು. ಅದರ ಧ್ವನಿ ಇದ್ದದ್ದು ಫಿಲ್ಮಿನಲ್ಲಲ್ಲ, 16 ಅಂಗುಲ ಅಗಲದ ಗ್ರಾಮಫೋನ್ ತಟ್ಟೆಗಳಲ್ಲಿ. ಚಿತ್ರ ಓಡಿಸುವ ಯಂತ್ರಕ್ಕೂ ತಟ್ಟೆ ತಿರುಗಿಸುವ ಯಂತ್ರಕ್ಕೂ ಒಂದೇ ಮೋಟಾರಿನ ಕೊಂಡಿ. ಇಂಥ ಒಂದು ತಟ್ಟೆ ಸುಮಾರು 11 ನಿಮಿಷ ಓಡುತ್ತಿತ್ತು. 1000 ಅಡಿ ಫಿಲ್ಮಿನ ಒಂದು ರೀಲು ಓಡಲೂ ಅಷ್ಟೇ ಹೊತ್ತು.

ಜನ ಮಾತು ಕೇಳಿ ಮರುಳಾದರು. ಕ್ಯಾಮೆರಾಕ್ಕೆ ಮಾತ್ರ ಅಲ್ಲಿಂದ ಕಷ್ಟಕಾಲ. ಚಿತ್ರ ತೆಗೆಯುವ ಯಂತ್ರದೊಳಗೆ ಫಿಲ್ಮು ಸರಾಗವಾಗಿ ಹರಿಯುವುದಿಲ್ಲ. ಒಂದು ಕೊಕ್ಕೆ ಫಿಲ್ಮಿನ ಅಂಚಿನ ತೂತಿಗೆ ಸಿಕ್ಕಿ ಅದನ್ನು ಎಳೆದು, ಒಂದು ಕ್ಷಣ ನಿಲ್ಲಿಸಿ, ಮತ್ತೆ ಎಳೆಯುತ್ತದೆ. ಸೆಕೆಂಡಿಗೆ 24 ಬಾರಿ ನಡೆಯುವ ಈ ಎಳೆದಾಟದ ಕಟಕಟ ಸದ್ದನ್ನು ಮೈಕು ಬಿಡದೆ ಹಿಡಿಯಿತು. ಪರಿಹಾರವೆಂದು ಕ್ಯಾಮೆರಾವನ್ನೂ ಛಾಯಾಗ್ರಾಹಕನನ್ನೂ ಒಟ್ಟಿಗೆ ಸದ್ದು ಹೊರಬಾರದ ಕೋಣೆಯೊಳಗೆ ಕೂಡಿ, ಗಾಜಿನ ಕಿಟಕಿಯಿಂದ ಚಿತ್ರ ತೆಗೆಸಿದರು. ಗಾಳಿಯಿಲ್ಲದ ಆ ಗೂಡಿನಲ್ಲಿ ಆತ ಬೆವರಿನಲ್ಲಿ ನೆನೆಯುತ್ತಿದ್ದ. ಮೂಕಿ ಚಿತ್ರದಲ್ಲಿ ಬಂಡಿ ಏರಿ, ಮರ ಹತ್ತಿ ಓಡಾಡಿದ್ದ ಕ್ಯಾಮೆರಾ ಒಮ್ಮೆಗೇ ಕಂಬದಂತೆ ನಿಂತುಬಿಟ್ಟಿತು. ನಟರೂ ಅಷ್ಟೇ. ಹೂದಾನಿಯಲ್ಲೋ ಮೇಜಿನ ಕೆಳಗೋ ಬಚ್ಚಿಟ್ಟ ಮೈಕಿನ ಸುತ್ತ ಗುಂಪುಗೂಡಿ ಮಾತನಾಡಬೇಕು. ಎರಡು ಹೆಜ್ಜೆ ಆಚೆ ಸರಿದರೆ ಮಾತು ಕೇಳಿಸದು.

ಮೈಕಿನ ಈ ಹಟಕ್ಕೆ ಕಾರಣ ವಿಲೋಮ ವರ್ಗ ನಿಯಮ. ದೂರ ಎರಡರಷ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಾಯಿಂದ 30 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 3 ಮೀಟರ್ ದೂರಕ್ಕೆ ಒಯ್ದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ನೂರನೇ ಒಂದು ಭಾಗವಾಗುತ್ತದೆ. ಕೋಣೆಯ ಗೋಡೆಗಳಿಂದ ಪ್ರತಿಫಲಿಸಿ ಬರುವ ಸದ್ದು ಮಾತ್ರ ಹಾಗೆ ಕುಗ್ಗುವುದಿಲ್ಲ; ಅದು ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆದ್ದರಿಂದ ಮೈಕು ದೂರ ಹೋದಂತೆ ಮಾತು ಸಣ್ಣದಾಗುವುದು ಮಾತ್ರವಲ್ಲ, ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಆಮೇಲೆ ಧ್ವನಿ ಹೆಚ್ಚಿಸಿದರೆ ಬಾವಿಯೂ ದೊಡ್ಡದಾಗುತ್ತದೆ, ಅಷ್ಟೆ.

ನಟ ಮೈಕಿನ ಬಳಿ ಬರುವ ಬದಲು ಮೈಕೇ ನಟನ ಬಳಿ ಹೋಗಬಾರದೇಕೆ? 1929ರಲ್ಲಿ 'ದಿ ವೈಲ್ಡ್ ಪಾರ್ಟಿ' ಚಿತ್ರ ತೆಗೆಯುವಾಗ ನಿರ್ದೇಶಕಿ ಡೊರೊಥಿ ಆರ್ಝ್ನರ್ ಮೀನು ಹಿಡಿಯುವ ಗಾಳದ ಕೋಲಿಗೆ ಮೈಕನ್ನು ಕಟ್ಟಿಸಿ ನಟಿಯ ತಲೆಯ ಮೇಲೆ ಹಿಡಿಸಿದರೆಂದು ಹೇಳುತ್ತಾರೆ. ಇಂದಿಗೂ ಚಿತ್ರೀಕರಣದ ಜಾಗದಲ್ಲಿ ಉದ್ದ ಕೋಲು ಹಿಡಿದು ಕೈ ಸೋತು ನಿಂತಿರುವ ಸಹಾಯಕನನ್ನು ನೀವು ನೋಡಿರಬಹುದು. ಆ 'ಬೂಮ್' ಎಂಬ ಸಾಧನದ ಮೂಲ ಇಂಥ ಪ್ರಯತ್ನಗಳಲ್ಲಿದೆ. ಕೋಲು ಬಂದ ಮೇಲೆ ಹೊಸ ತಕರಾರು ಹುಟ್ಟಿತು. ಮೇಲಿನ ದೀಪ ಕೋಲಿನ ನೆರಳನ್ನು ನಟನ ಮುಖದ ಮೇಲೆ ಬೀಳಿಸಿತು. ದೀಪಗಳನ್ನು ಸರಿಸಬೇಕಾಯಿತು.

ದೀಪಗಳು ಬೇರೆ ಕಾರಣಕ್ಕೂ ಬದಲಾಗಬೇಕಿತ್ತು. ಆರ್ಕ್ ದೀಪ ಉರಿಯುವಾಗ ಹಿಸ್ಸೆನ್ನುತ್ತದೆ, ಗುಂಯ್‌ಗುಡುತ್ತದೆ. ಮೂಕಿ ಕಾಲದಲ್ಲಿ ಯಾರಿಗೂ ಬೇಡದ ಆ ಸದ್ದು ಈಗ ದೊಡ್ಡ ಅಪರಾಧವಾಯಿತು. ಸದ್ದಿಲ್ಲದೆ ಉರಿಯುವುದು ಟಂಗ್‌ಸ್ಟನ್ ತಂತುವಿನ ದೀಪ. ಅದರ ಕೆಂಪು ಬೆಳಕು ಹಳೆಯ ಫಿಲ್ಮಿಗೆ ಕಾಣದು. ಅದೃಷ್ಟಕ್ಕೆ ಕೆಂಪನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು 1920ರ ದಶಕದಲ್ಲಿ ಬಳಕೆಗೆ ಬರುತ್ತಿತ್ತು. ಹೀಗೆ ಮೈಕಿನ ದೆಸೆಯಿಂದ ದೀಪ ಬದಲಾಯಿತು, ಹೊಸ ದೀಪಕ್ಕೆ ತಕ್ಕ ಫಿಲ್ಮು ಮೂಲೆಮೂಲೆಗೂ ಹಬ್ಬಿತು, ಫಿಲ್ಮು ಬದಲಾದ್ದರಿಂದ ನಟರ ಮುಖದ ಬಣ್ಣ ಬದಲಾಯಿತು.

24 ಎಂಬ ಸಂಖ್ಯೆ

ಸೆಕೆಂಡಿಗೆ 24 ಚೌಕಟ್ಟು ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 'ದೃಷ್ಟಿ ಸಾತತ್ಯಕ್ಕೆ ಅಷ್ಟು ಬೇಕು' ಎಂಬ ಉತ್ತರ ಅನೇಕ ಪುಸ್ತಕಗಳಲ್ಲಿದೆ. ಅದು ಸಾಲದು. ಲ್ಯೂಮಿಯೇರ್ ಸಹೋದರರ ಯಂತ್ರದ ಹಿಡಿಕೆಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ 16 ಚೌಕಟ್ಟು ಓಡುತ್ತಿದ್ದವು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅದನ್ನು ನೋಡಿದವರಿಗೆ ಚಲನೆ ಕಾಣಿಸಿತ್ತು. ಮೂಕಿ ಚಿತ್ರಗಳ ವೇಗ ತಿರುಗಿಸುವವನ ಕೈಗೆ ಬಿಟ್ಟದ್ದು. ಕೆಲವು ಮಂದಿರಗಳಲ್ಲಿ ದಿನಕ್ಕೆ ಒಂದು ಆಟ ಹೆಚ್ಚು ಹಾಕಲು ಬಿರುಸಾಗಿ ಓಡಿಸುವುದೂ ಇತ್ತು.

ಚಲನೆಯ ವೇಗ ಹೀಗೆ ಹೆಚ್ಚುಕಡಿಮೆಯಾದರೆ ಕಣ್ಣು ಸಹಿಸುತ್ತದೆ. ಕಿವಿ ಸಹಿಸದು. ಧ್ವನಿಯ ವೇಗ ನೂರಕ್ಕೆ ಐದಾರು ಭಾಗ ಬದಲಾದರೆ ಹಾಡಿನ ಶ್ರುತಿಯೇ ಹೋಗಿಬಿಡುತ್ತದೆ. ಆದ್ದರಿಂದ ಎಲ್ಲೆಡೆಗೂ ಒಂದೇ ವೇಗ ನಿಗದಿಯಾಗಬೇಕಿತ್ತು. ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಮುದ್ರಿಸುವ ವಿಧಾನ ಬಂದ ಮೇಲೆ ಆ ವೇಗ ಸಾಕಷ್ಟು ಹೆಚ್ಚೂ ಇರಬೇಕಾಯಿತು. ಈ ವಿಧಾನದಲ್ಲಿ ಧ್ವನಿಯ ಏರಿಳಿತ ಫಿಲ್ಮಿನ ಪಟ್ಟಿಯಲ್ಲಿ ಕಪ್ಪು-ಬಿಳುಪಿನ ಏರಿಳಿತವಾಗುತ್ತದೆ. ಅತಿ ಕಿರಿದಾದ ಸೀಳಿನ ಮೂಲಕ ಬೆಳಕು ಆ ಪಟ್ಟಿಯನ್ನು ಹಾಯ್ದು ದ್ಯುತಿಕೋಶಕ್ಕೆ ಬಿದ್ದಾಗ ಮತ್ತೆ ವಿದ್ಯುತ್ತಾಗಿ, ಕೊನೆಗೆ ಧ್ವನಿಯಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ಸೆಕೆಂಡಿಗೆ 24 ಚೌಕಟ್ಟು ಓಡಿದರೆ ಒಂದೂವರೆ ಅಡಿ, ಅಂದರೆ ಸುಮಾರು 457 ಮಿ.ಮೀ. ಫಿಲ್ಮು ಸರಿಯುತ್ತದೆ. ಸೆಕೆಂಡಿಗೆ 5000 ಕಂಪನಗಳ ಒಂದು ಧ್ವನಿಯನ್ನು ಈ ಉದ್ದದಲ್ಲಿ ಬರೆದರೆ ಒಂದೊಂದು ಅಲೆಗೆ ಸಿಗುವ ಜಾಗ 0.09 ಮಿ.ಮೀ. ಸೆಕೆಂಡಿಗೆ 16 ಚೌಕಟ್ಟಿನ ವೇಗದಲ್ಲಾದರೆ ಅದು 0.06 ಮಿ.ಮೀ.ಗೆ ಇಳಿಯುತ್ತದೆ. ಸೀಳಿನ ಅಗಲ ಅಲೆಯುದ್ದಕ್ಕಿಂತ ಬಹಳ ಕಡಮೆ ಇರಬೇಕು. ಇಲ್ಲದಿದ್ದರೆ ಕಪ್ಪು-ಬಿಳುಪು ಎರಡೂ ಒಟ್ಟಿಗೆ ಸೀಳಿನೊಳಗೆ ಬಂದು ಧ್ವನಿ ಮಂಕಾಗುತ್ತದೆ. 'ಸ', 'ಷ' ಮುಂತಾದ ಅಕ್ಷರಗಳ ಗುರುತು ಇರುವುದೇ ಈ ಹೆಚ್ಚಿನ ಆವೃತ್ತಿಗಳಲ್ಲಿ. ವೇಗ ಇನ್ನೂ ಹೆಚ್ಚಿಸಿದರೆ ಧ್ವನಿ ಇನ್ನೂ ಚೆನ್ನ, ಆದರೆ ಫಿಲ್ಮಿನ ಖರ್ಚು ಏರುತ್ತದೆ. ಆಗಿನ ದೊಡ್ಡ ಚಿತ್ರಮಂದಿರಗಳಲ್ಲಿ ರೂಢಿಯಲ್ಲಿದ್ದ ವೇಗಕ್ಕೂ ಹತ್ತಿರವಾದ, ನಿಮಿಷಕ್ಕೆ 90 ಅಡಿ ಎಂಬ ಲೆಕ್ಕ ನಿಂತಿತು. ಅದೇ 24 ಚೌಕಟ್ಟು. ಕಣ್ಣಿನ ಸಂಖ್ಯೆಯೆಂದು ನಾವು ನಂಬಿರುವುದು ಬಹುಪಾಲು ಕಿವಿಯ ಸಂಖ್ಯೆ!

ಇಲ್ಲೊಂದು ತೊಡಕೂ ಇತ್ತು. ಚಿತ್ರದ ಮುಂದೆ ಫಿಲ್ಮು ನಿಂತು ನಿಂತು ಸಾಗಬೇಕು. ಧ್ವನಿಯ ಸೀಳಿನ ಮುಂದೆ ಒಂದೇ ಸಮನೆ ಹರಿಯಬೇಕು. ಎರಡೂ ಒಂದೇ ಜಾಗದಲ್ಲಿ ಸಾಧ್ಯವಿಲ್ಲ. ಹಾಗಾಗಿ ಮಂದಿರಕ್ಕೆ ಹೋಗುವ 35 ಮಿ.ಮೀ. ಪ್ರತಿಯಲ್ಲಿ ಒಂದು ಚಿತ್ರಕ್ಕೆ ಸೇರಿದ ಧ್ವನಿ ಅದಕ್ಕಿಂತ 20 ಚೌಕಟ್ಟು ಮುಂದೆ ಇರುತ್ತದೆ. 'ಆಲಂ ಆರಾ'ಕ್ಕೆ ಬಳಸಿದ ಟ್ಯಾನರ್ ಯಂತ್ರ ಚಿತ್ರವನ್ನೂ ಧ್ವನಿಯನ್ನೂ ಒಂದೇ ಫಿಲ್ಮಿನ ಮೇಲೆ ಏಕಕಾಲಕ್ಕೆ ಮುದ್ರಿಸುವಂಥದು. ಇಂಥ ಫಿಲ್ಮನ್ನು ಕತ್ತರಿಸುವುದು ಕಷ್ಟ: ಚಿತ್ರ ಮುಗಿದಲ್ಲಿ ಕತ್ತರಿ ಹಾಕಿದರೆ ಮಾತು ಬೇರೆಲ್ಲೋ ತುಂಡಾಗುತ್ತದೆ. ಧ್ವನಿಯನ್ನು ಪ್ರತ್ಯೇಕ ಯಂತ್ರದಲ್ಲಿ ಮುದ್ರಿಸಿಕೊಂಡು ಆಮೇಲೆ ಕೂಡಿಸುವುದೇ ಲೇಸೆಂದು ಬೇಗ ಎಲ್ಲರಿಗೂ ಮನವರಿಕೆಯಾಯಿತು. ಕೂಡಿಸುವುದು ಹೇಗೆ? ಕಣ್ಣಿಗೂ ಕಿವಿಗೂ ಏಕಕಾಲಕ್ಕೆ ಗುರುತು ಸಿಗುವಂಥ ಒಂದು ಘಟನೆ ಬೇಕು. ಎರಡು ಮರದ ಪಟ್ಟಿಗಳನ್ನು ಕ್ಯಾಮೆರಾದೆದುರು 'ಟಪ್' ಎಂದು ಬಡಿಯುವ ಕ್ಲಾಪ್ ಹುಟ್ಟಿದ್ದು ಹೀಗೆ. ಪಟ್ಟಿಗಳು ಕೂಡಿದ ಚೌಕಟ್ಟನ್ನೂ 'ಟಪ್' ಎಂಬ ಗುರುತನ್ನೂ ಜೋಡಿಸಿದರೆ ಉಳಿದುದೆಲ್ಲ ತಾನಾಗಿ ಹೊಂದುತ್ತದೆ. ಮುಹೂರ್ತದ ದಿನ ಗಣ್ಯರ ಕೈಲಿ ಕ್ಲಾಪ್ ಮಾಡಿಸುವ ನಮ್ಮ ಸಂಪ್ರದಾಯದಲ್ಲಿ ಈ ಕೆಲಸದ ಅರ್ಥ ಮರೆತೇ ಹೋಗಿದೆ. ಅಂದಹಾಗೆ, 24ನೇ ಒಂದು ಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. ಕ್ಲಾಪಿನಿಂದ ಮೈಕು 14 ಮೀಟರ್ ದೂರವಿದ್ದರೆ ಧ್ವನಿ ಒಂದು ಚೌಕಟ್ಟು ತಡವಾಗುತ್ತದೆ. ಶಬ್ದದ ವೇಗ ಅಳೆಯಲು ಇದಕ್ಕಿಂತ ಸುಲಭದ ಪ್ರಯೋಗ ಬೇಕೆ?

ಕೊಲ್ಲಾಪುರಕ್ಕೆ ಹೋದ ಕನ್ನಡ

ಇಷ್ಟೆಲ್ಲ ಸಲಕರಣೆಗಳುಳ್ಳ ಸ್ಟುಡಿಯೊ ಮೈಸೂರು ಸಂಸ್ಥಾನದಲ್ಲಿ ಆಗ ಇರಲಿಲ್ಲ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 'ಆಲಂ ಆರಾ' ಆಗಲಿ 'ಸತಿ ಸುಲೋಚನಾ' ಆಗಲಿ ಇಂದು ನೋಡಲು ಸಿಗುವುದಿಲ್ಲ, ಪ್ರತಿಗಳು ಉಳಿದಿಲ್ಲ. ಆ ಕಾಲದ ಫಿಲ್ಮಿನ ಆಧಾರ ಪಟಲ ಸೆಲ್ಯುಲೋಸ್ ನೈಟ್ರೇಟ್. ಕಿಡಿ ತಾಗಿದರೆ ಭಗ್ಗನೆ ಉರಿಯುವ, ಸುಮ್ಮನಿಟ್ಟರೂ ಕಾಲಕ್ರಮದಲ್ಲಿ ಕೊಳೆತು ಪುಡಿಯಾಗುವ ವಸ್ತು. ಕನ್ನಡ ತೆರೆಯ ಮೇಲೆ ಕೇಳಿಸಿದ ಮೊದಲ ಮಾತುಗಳನ್ನು ಹೀಗೆ ರಸಾಯನಶಾಸ್ತ್ರ ನುಂಗಿಬಿಟ್ಟಿದೆ.

ಒಂದು ಬಿಳಿ ಬಟ್ಟೆ, ಎರಡು ಕನ್ನಡಿ

ಮುಚ್ಚಿದ ಸ್ಟುಡಿಯೊದೊಳಗೆ ದೀಪ ಹೊತ್ತಿಸಿದ ಮೇಲೆ ಬೆಳಕಿನ ಒಂದು ವ್ಯಾಕರಣವೇ ಬೆಳೆಯಿತು. ಮುಖದ ಒಂದು ಪಕ್ಕದಿಂದ ಮುಖ್ಯ ದೀಪ, ಅದರ ನೆರಳನ್ನು ತಿಳಿಗೊಳಿಸಲು ಇನ್ನೊಂದು ಪಕ್ಕದಿಂದ ಮಂದ ದೀಪ, ಕೂದಲಿಗೂ ಹೆಗಲಿಗೂ ಅಂಚು ಮೂಡಿಸಲು ಹಿಂದಿನಿಂದ ಮತ್ತೊಂದು. ಕಲಿಯುವವರಿಗೆ ಇಂದಿಗೂ ಮೊದಲು ಹೇಳಿಕೊಡುವುದು ಇದನ್ನೇ. ತಪ್ಪೇನಿಲ್ಲ. ಆದರೆ ನಮ್ಮ ಮನೆಗಳಲ್ಲಿ ಬೆಳಕು ಹೀಗೆ ಮೂರು ದಿಕ್ಕಿನಿಂದ ಬರುವುದಿಲ್ಲ. ತೊಟ್ಟಿಮನೆಯ ಅಂಗಳದಲ್ಲಿ ನಿಂತು ನೋಡಿ. ಬೆಳಕು ಮೇಲಿನ ತೆರೆದ ಆಕಾಶದಿಂದ ಸುತ್ತಲೂ ಇಳಿಯುತ್ತದೆ, ನೆರಳು ಇದೆಯೋ ಇಲ್ಲವೋ ಎಂಬಷ್ಟು ಮೃದು.

1956ರಲ್ಲಿ ಬಿಡುಗಡೆಯಾದ ಸತ್ಯಜಿತ್ ರಾಯ್ ಅವರ 'ಅಪರಾಜಿತೊ' ಚಿತ್ರಕ್ಕೆ ಬೇಕಿದ್ದುದು ಕಾಶಿಯ ಇಂಥದೇ ಒಂದು ಅಂಗಳ. ಬಯಲಿನಲ್ಲಿ ಕಟ್ಟಿದರೆ ಮಳೆಯ ಭಯ. ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅದನ್ನು ಕಲಕತ್ತೆಯ ಸ್ಟುಡಿಯೊದೊಳಗೇ ಕಟ್ಟಲು ನಿರ್ಧರಿಸಿದರು. ಛಾಯಾಗ್ರಾಹಕ ಸುಬ್ರತ ಮಿತ್ರ ಒಪ್ಪಲಿಲ್ಲ. ಆಕಾಶದ ನೆರಳಿಲ್ಲದ ಬೆಳಕನ್ನು ದೀಪಗಳಿಂದ ತರಲಾಗದೆಂದು ವಾದಿಸಿದರು. ಆತನಿಗಾಗ ಇಪ್ಪತ್ತೈದರ ಆಸುಪಾಸು. 'ಪಥೇರ್ ಪಾಂಚಾಲಿ'ಗೆ ಮೊದಲು ಚಲನಚಿತ್ರದ ಕ್ಯಾಮೆರಾವನ್ನೇ ನಡೆಸಿದವನಲ್ಲ. ಫ್ರಾನ್ಸಿನ ಜಾನ್ ರೆನ್ವಾರ್ ಬಂಗಾಳದಲ್ಲಿ 'ದಿ ರಿವರ್' ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿ ಬರೆದುಕೊಂಡದ್ದೇ ಪಾಠ. ವಾದದಲ್ಲಿ ಸೋತ ಮಿತ್ರ ಕೊನೆಗೆ ಅಂಗಳದ ಮೇಲೆ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆಯೊಂದನ್ನು ಆಕಾಶದಂತೆ ಹರಡಿಸಿದರು. ದೀಪಗಳನ್ನು ನಟರ ಕಡೆಗಲ್ಲದೆ ಮೇಲಕ್ಕೆ, ಬಟ್ಟೆಯ ಕಡೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಚದರಿ ಬಂದ ಬೆಳಕು ಅಂಗಳವನ್ನು ತುಂಬಿತು.

ಭೌತವಿಜ್ಞಾನದ ತರಗತಿಯಲ್ಲಿ ನಾವು ಪೂರ್ಣಛಾಯೆ, ಉಪಛಾಯೆ ಎಂದು ಚಿತ್ರ ಬರೆಸುತ್ತೇವೆ. ಬಿಂದುವಿನಂಥ ಆಕರದಿಂದ ನೆರಳಿನ ಅಂಚು ಚೂಪು. ಆಕರ ಅಗಲವಾದಂತೆ ಉಪಛಾಯೆ ಹಿಗ್ಗಿ ಅಂಚು ಕರಗುತ್ತದೆ. ಮಿತ್ರರ ಬಟ್ಟೆ ಮಾಡಿದ್ದು ಇಷ್ಟೇ: ಸಣ್ಣ ಸಣ್ಣ ದೀಪಗಳನ್ನು ಒಂದು ಮಾಡಿನಷ್ಟು ಅಗಲದ ಆಕರವಾಗಿ ಮಾಡಿತು. ಬೆಳಕು ದಾರಿಯಲ್ಲಿ ಬಹಳಷ್ಟು ಪೋಲಾಗುತ್ತದೆ, ಹೆಚ್ಚು ದೀಪ ಬೇಕಾಗುತ್ತದೆ. ಆದರೂ ಆ ದೃಶ್ಯಗಳನ್ನು ನೋಡಿದವರು ಸ್ಟುಡಿಯೊ ಎಂದು ನಂಬುವುದಿಲ್ಲ. ನೀವು ಕಿಟಕಿಯ ಬಳಿ ಕೂತವರ ಮುಖಕ್ಕೆ ಆಚೆ ಪಕ್ಕದಿಂದ ಒಂದು ಥರ್ಮೋಕೋಲ್ ಹಲಗೆಯನ್ನೋ ಬಿಳಿ ಪಂಚೆಯನ್ನೋ ಹಿಡಿದು ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಇದಕ್ಕೆ ನೇರ ವಿರುದ್ಧವಾದ ಕೆಲಸ ಮಾಡಿದವರು ಮೈಸೂರಿನವರೇ ಆದ ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಮುಂಬಯಿ ಸೇರಿದರು. ಗುರುದತ್ತರ 'ಕಾಗಜ್ ಕೇ ಫೂಲ್' (1959) ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಖಾಲಿ ಸ್ಟುಡಿಯೊದ ಕತ್ತಲಲ್ಲಿ ಮೇಲಿನಿಂದ ಒಂದೇ ಒಂದು ಬೆಳಕಿನ ಕೋಲು ಇಳಿಯಬೇಕೆಂಬುದು ಗುರುದತ್ತರ ಆಸೆ. ದೊಡ್ಡ ದೀಪ ಇಟ್ಟು ನೋಡಿದರೆ ಬೆಳಕು ಬೀಸಣಿಗೆಯಂತೆ ಅಗಲವಾಗುತ್ತಿತ್ತು. ಮೂರ್ತಿಯವರು ದೀಪಗಳನ್ನು ಬಿಟ್ಟು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದನ್ನು ಹೊರಗೆ ಬಿಸಿಲಿನಲ್ಲಿ ಇಟ್ಟು, ಬೆಳಕನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದರ ಮೇಲೆ ಬೀಳಿಸಿ, ಅಲ್ಲಿಂದ ಕೆಳಕ್ಕೆ ತಿರುಗಿಸಿದರು.

ಸೂರ್ಯ ನಮ್ಮ ಕಣ್ಣಿಗೆ ಮಾಡುವ ಕೋನ ಸುಮಾರು ಅರ್ಧ ಡಿಗ್ರಿ. ಹಾಗಾಗಿ ಕನ್ನಡಿಯಿಂದ ಹೊರಟ ಬಿಸಿಲುಕೋಲು 15 ಮೀಟರ್ ಸಾಗುವಷ್ಟರಲ್ಲಿ ಹಿಗ್ಗುವುದು ಹೆಚ್ಚೆಂದರೆ 14 ಸೆಂಟಿಮೀಟರ್. 10 ಡಿಗ್ರಿಯಷ್ಟು ಹರಡುವ ದೀಪವಾದರೆ ಅಷ್ಟೇ ದೂರದಲ್ಲಿ ಎರಡೂವರೆ ಮೀಟರಿಗೂ ಮೀರಿ ಅಗಲವಾಗುತ್ತದೆ. ಗಾಳಿಯಲ್ಲಿ ಧೂಳೋ ಹೊಗೆಯೋ ಇದ್ದು ಬೆಳಕನ್ನು ಚದರಿಸಿದರೆ ಆ ಕೋಲು ಪಕ್ಕದಿಂದ ಕಾಣುತ್ತದೆ. ಬೆಳಗ್ಗೆ ಅಡುಗೆಮನೆಯ ಬೆಳಕಿಂಡಿಯಲ್ಲಿ ನಾವೆಲ್ಲ ಕಂಡದ್ದೇ. ಇದರಲ್ಲಿ ಒಂದು ಇಕ್ಕಟ್ಟಿದೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. 15 ಮೀಟರ್ ದೂರದಲ್ಲಿ ಒಂದು ಡಿಗ್ರಿಯೆಂದರೆ 26 ಸೆಂಟಿಮೀಟರ್. ಹೊರಗಿನ ಕನ್ನಡಿಯನ್ನು ಆಗಾಗ ತಿರುಗಿಸದಿದ್ದರೆ ಬೆಳಕು ನಟಿಯನ್ನು ಬಿಟ್ಟು ಹೋಗುತ್ತದೆ. ಎಡಿಸನ್ನನ ತಿರುಗುವ ಮನೆ ಇಲ್ಲಿ ಕನ್ನಡಿಯಷ್ಟು ಚಿಕ್ಕದಾಗಿದೆ! ಈ ಕೆಲಸಕ್ಕೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಸದ್ದನ್ನು ಹೊರಗೆ ಹಾಕಿದೆವು

ಇತ್ತ ಕ್ಯಾಮೆರಾ ಮತ್ತೆ ಓಡಾಡಲು ಹಂಬಲಿಸುತ್ತಿತ್ತು. ಜರ್ಮನಿಯಲ್ಲಿ 1937ರಲ್ಲಿ ಬಂದ ಆರಿಫ್ಲೆಕ್ಸ್ ಮಾದರಿಯ ಹಗುರ ಕ್ಯಾಮೆರಾಗಳನ್ನು ಕೈಯಲ್ಲೇ ಹಿಡಿದು ಓಡಬಹುದಿತ್ತು. ನಮ್ಮಲ್ಲಿ ಹೊರಾಂಗಣ ಚಿತ್ರೀಕರಣ ಹೆಚ್ಚಿದಂತೆ ಇವುಗಳ ಬಳಕೆಯೂ ಹೆಚ್ಚಿತು. ಆದರೆ ಅವು ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿದ್ದವು. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು: ಓಡಾಡುವ ಕ್ಯಾಮೆರಾ ಅಥವಾ ಸ್ಥಳದಲ್ಲೇ ಹಿಡಿದ ಧ್ವನಿ. ಭಾರತೀಯ ಚಿತ್ರರಂಗ ಬಹುಪಾಲು ಮೊದಲನೆಯದನ್ನು ಆರಿಸಿತು. ಮಾತನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ತುಟಿ ನೋಡಿ ಸೇರಿಸುವುದು ವಾಡಿಕೆಯಾಯಿತು. ಇದರಿಂದ ಅನುಕೂಲ ಬಹಳ. ಜನಸಂದಣಿಯಲ್ಲೂ ಚಿತ್ರ ತೆಗೆಯಬಹುದು. ಭಾಷೆ ಬಾರದ ನಟರಿಗೆ ಬೇರೆಯವರ ಕಂಠ ಕೊಡಬಹುದು. ನಷ್ಟವೂ ಇದೆ. ಹಲವು ದಶಕಗಳ ನಮ್ಮ ಚಿತ್ರಗಳಲ್ಲಿ ಹೊಳೆಯ ದಡದಲ್ಲಿ ನಿಂತವರೂ ಗುಡ್ಡದ ತುದಿಯಲ್ಲಿ ನಿಂತವರೂ ಒಂದೇ ಕೋಣೆಯೊಳಗಿನಿಂದ ಮಾತನಾಡುತ್ತಾರೆ. ಆ ಊರುಗಳ ಹಕ್ಕಿ, ಗಾಳಿ, ಸಂತೆ ಯಾವುದೂ ಉಳಿದಿಲ್ಲ. ಸದ್ದಿಲ್ಲದ ಕ್ಯಾಮೆರಾಗಳೂ ಬಟ್ಟೆಯೊಳಗೆ ಅಡಗುವ ಮೈಕುಗಳೂ ಕೈಗೆಟುಕಿದ ಮೇಲೆ ಪರಿಸ್ಥಿತಿ ಬದಲಾಯಿತು. ಕಚ್ಛದಲ್ಲಿ ತೆಗೆದ 'ಲಗಾನ್' (2001) ಸ್ಥಳದಲ್ಲೇ ಧ್ವನಿ ಹಿಡಿದು ಗೆದ್ದದ್ದು ಅನೇಕರಿಗೆ ಧೈರ್ಯ ತಂದಿತು.

ಸೆಕೆ ಮತ್ತು ಬೆಂಕಿ

ಬೆಳಕು ಮತ್ತು ಸದ್ದಿನ ಜಗಳದಲ್ಲಿ ಪ್ರಾಣಗಳೂ ಹೋಗಿವೆ. ಟಂಗ್‌ಸ್ಟನ್ ದೀಪ ಬಳಸುವ ವಿದ್ಯುತ್ತಿನಲ್ಲಿ ಕಾಣುವ ಬೆಳಕಾಗುವುದು ಹತ್ತನೇ ಒಂದು ಭಾಗವೂ ಇಲ್ಲ, ಉಳಿದುದೆಲ್ಲ ಶಾಖ. 5 ಕಿಲೊವಾಟ್‌ನ 10 ದೀಪಗಳು ಉರಿಯುತ್ತಿದ್ದರೆ ಕೋಣೆಯಲ್ಲಿ ಸ್ನಾನದ ನೀರು ಕಾಯಿಸುವ 25 ಗೀಸರ್‌ಗಳು ಒಟ್ಟಿಗೆ ನಡೆಯುತ್ತಿರುವಂತೆ. ಶಾಖ ಹೊರಹೋಗಲು ಕಿಟಕಿ, ಫ್ಯಾನು ಬೇಕು. ಧ್ವನಿಗೆ ಅವೆರಡೂ ಬೇಡ. ಪ್ರತಿಧ್ವನಿ ಅಡಗಿಸಲು ಗೋಡೆಗೆ ಮೆತ್ತನೆಯ, ರಂಧ್ರಗಳುಳ್ಳ ವಸ್ತು ಹೊದಿಸಬೇಕು. ಅಗ್ಗಕ್ಕೆ ಸಿಗುವ ಅಂಥ ವಸ್ತುಗಳೆಲ್ಲ, ಗೋಣಿ, ಚಾಪೆ, ರಟ್ಟು, ಹತ್ತಿ, ಚೆನ್ನಾಗಿ ಉರಿಯುವಂಥವೇ.

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿತು. 62 ಜನ ಸತ್ತರು. ಸಡಿಲವಾಗಿದ್ದ ವಿದ್ಯುತ್ ತಂತಿಗಳು, ಗಾಳಿಗೆ ದಾರಿಯಿಲ್ಲದ ಒಳಾಂಗಣ, ಗೋಡೆಯ ಗೋಣಿಚೀಲ ಮತ್ತು ರಟ್ಟು, ಭಾರಿ ದೀಪಗಳ ಕಾವು - ಇವು ಅನಾಹುತಕ್ಕೆ ಕಾರಣಗಳೆಂದು ಆಗ ಗುರುತಿಸಲಾಯಿತು. ಬೆಳಕಿನ ಪಾಠ ಮಾಡುವಾಗ ದೀಪದ ಕೋನ ಹೇಳುವ ಮೊದಲು ಹೊರಹೋಗುವ ಬಾಗಿಲು ಎಲ್ಲಿದೆ, ತಂತಿ ಎಷ್ಟು ಆಂಪಿಯರ್ ತಡೆಯುತ್ತದೆ ಎಂದು ಹೇಳಬೇಕೆಂದು ನನ್ನ ಆಗ್ರಹ. ಎಲ್‌ಇಡಿ ದೀಪಗಳು ಬಂದು ಶಾಖ ಬಹಳ ತಗ್ಗಿದೆ. ಶಾಲೆಯ ಸಭಾಂಗಣದಲ್ಲಿ ಬಾಡಿಗೆಯ ಹಳೆಯ ಹ್ಯಾಲೊಜನ್ ದೀಪ, ಅದರ ಪಕ್ಕದಲ್ಲೇ ನೈಲಾನ್ ಪರದೆ ಇರುವುದು ಇನ್ನೂ ತಪ್ಪಿಲ್ಲ.

ತರಗತಿಯಲ್ಲಿ

ಇಂದು ಕ್ಯಾಮೆರಾ, ಮೈಕು ಎರಡೂ ಒಂದೇ ಮೊಬೈಲಿನಲ್ಲಿವೆ. ಅದರೊಳಗೆ ಕಟಕಟ ಸದ್ದಿಲ್ಲ, ಕೆಂಪು ಕಾಣದ ಫಿಲ್ಮಿಲ್ಲ. ಹಳೆಯ ಜಗಳ ಮಾತ್ರ ಹಾಗೆಯೇ ಇದೆ. ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನ ಪಾಠವೊಂದನ್ನು ಚಿತ್ರೀಕರಿಸುತ್ತೀರೆನ್ನಿ. ಇಡೀ ಮೇಜು ಕಾಣಲೆಂದು ಮೊಬೈಲನ್ನು 3 ಮೀಟರ್ ದೂರ ಇಟ್ಟಿರಿ. ಅಧ್ಯಾಪಕರ ಮಾತು ಬಾವಿಗೆ ಬಿತ್ತು. ಇನ್ನೊಂದು ಮೊಬೈಲನ್ನು ಅವರ ಜೇಬಿನಲ್ಲಿಟ್ಟು ಧ್ವನಿ ಮಾತ್ರ ಮುದ್ರಿಸಿ, ಶುರುವಿನಲ್ಲಿ ಒಮ್ಮೆ ಕೈ ತಟ್ಟಿಸಿ. ಚಿತ್ರದಲ್ಲಿ ಕಪ್ಪು ಪಟ್ಟಿಗಳು ಹರಿದಾಡಿದರೆ ಟ್ಯೂಬ್‌ಲೈಟಿನ ಕಡೆ ನೋಡಿ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಅಗ್ಗದ ಕೆಲವು ಎಲ್‌ಇಡಿಗಳೂ ಹಾಗೆಯೇ. ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಅವಧಿಯನ್ನು 50ನೇ ಅಥವಾ 100ನೇ ಒಂದು ಸೆಕೆಂಡಿಗೆ ನಿಲ್ಲಿಸಿದರೆ ಪೂರ್ಣ ಮಿನುಗುಗಳಷ್ಟೇ ಒಳಬಂದು ಪಟ್ಟಿಗಳು ಹೋಗುತ್ತವೆ. ಅಮೆರಿಕದ 60 ಆವರ್ತಕ್ಕೆ ಹೊಂದುವ 60ನೇ ಒಂದು ಸೆಕೆಂಡು ಇಲ್ಲಿ ನಡೆಯದು. ಇದೆಲ್ಲ ಬೇಡವೆಂದರೆ ದೀಪ ಆರಿಸಿ ಕಿಟಕಿ ತೆರೆಯಿರಿ. ಬೆಳಕು ಬಹಳ ಚೆನ್ನಾಗಿರುತ್ತದೆ, ಅದರ ಜೊತೆ ರಸ್ತೆಯ ಹಾರನ್ನೂ ಒಳಗೆ ಬರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಫ್ಯಾನು ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಆಯಾ ದಿನದ ಸೆಕೆ ನೋಡಿ ನೀವೇ ತೀರ್ಮಾನಿಸಬೇಕು.